ಮಾತ್ರೆಯ ಅಳತೆ, ರಕ್ತದ ಅಳತೆ

ಬೆಳಗಿನಿಂದ ಮೇಜು ಜೋಡಿಸುತ್ತಿರುವ ಫಾರ್ಮಸಿ ವಿದ್ಯಾರ್ಥಿಗಳೇ,

ಪ್ರದರ್ಶನದ ಟೇಪು ಕತ್ತರಿಸುವ ಮೊದಲೇ ಕದ್ದು ಒಳಗೊಂದು ಸುತ್ತು ಹಾಕಿ ಬಂದೆ. ದ್ರವದಲ್ಲಿ ಬೆರೆತದ್ದನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಮುಂದೆ ಸೆಲ್ಫಿಗೆ ಸಾಲು ನಿಂತಿದೆ. ಯಂತ್ರಕ್ಕೆ ಆ ಗೌರವ ಸಲ್ಲಬೇಕಾದ್ದೇ. ಆದರೆ ಅದರ ಅಗತ್ಯ ಯಾಕೆ ಬಂತು ಎಂಬುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ.

2004ರಲ್ಲಿ ಕೇಂದ್ರ ಸರ್ಕಾರ ಎಚ್‌ಐವಿ ಸೋಂಕಿತರಿಗೆ ವೈರಸ್ ತಡೆಯುವ ಎಆರ್‌ಟಿ ಚಿಕಿತ್ಸೆಯನ್ನು ಉಚಿತವಾಗಿ ಆರಂಭಿಸಿದಾಗ ಮೊದಲ ಸುತ್ತಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆ ಚಿಕಿತ್ಸೆಯಲ್ಲಿ ಮುಂದೆ ಬಹುಕಾಲ ಬಳಕೆಯಲ್ಲಿದ್ದ ಔಷಧ ಎಫಾವಿರೆಂಜ್. ಮಲಗುವಾಗ ಒಂದು 600 ಮಿಲಿಗ್ರಾಂ ಮಾತ್ರೆ, ದೊಡ್ಡವರಿಗೆಲ್ಲ ಅದೇ. ರಕ್ತದಲ್ಲಿ ಮಾತ್ರ ಎಲ್ಲರಿಗೂ ಅದೇ ಇರುವುದಿಲ್ಲ. ಔಷಧವನ್ನು ಒಡೆಯುವ ಯಕೃತ್ತಿನ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ನಿಧಾನ. ನಮ್ಮ ದೇಶದಲ್ಲಿ ಇಂಥವರು ಅಪರೂಪವೇನಲ್ಲ. ಲೀಟರ್ ಪ್ಲಾಸ್ಮಾಗೆ 1ರಿಂದ 4 ಮಿಲಿಗ್ರಾಂ ಇರಬೇಕೆಂಬುದು ರೂಢಿಯ ಮಿತಿ. ಇಳಿದರೆ ವೈರಸ್ ಮತ್ತೆ ಹೆಚ್ಚಬಹುದು. ಏರಿದರೆ ತಲೆಸುತ್ತು, ನಿದ್ದೆಗೇಡು, ಬೆಚ್ಚಿಬೀಳಿಸುವ ಕನಸುಗಳು. ಇವನ್ನು ಮನಸ್ಸಿನ ಕಾಯಿಲೆಯೆಂದು ತಳ್ಳಿಹಾಕುವುದೂ ಸುಲಭ.

ಇಲ್ಲಿ ಅಳತೆ ನೆರವಿಗೆ ಬರುತ್ತದೆ. ಪ್ಲಾಸ್ಮಾಗೆ ಅಸಿಟೋನೈಟ್ರೈಲ್ ಬೆರೆಸಿದೊಡನೆ ಪ್ರೋಟೀನು ಹುಳಿ ಬಿದ್ದ ಹಾಲಿನಂತೆ ಒಡೆಯುತ್ತದೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಗೇಣುದ್ದದ ಉಕ್ಕಿನ ಕಾಲಂಗೆ ಹಾಯಿಸುತ್ತಾರೆ. ಒಳಗಿರುವುದು ಕೆಲವೇ ಮೈಕ್ರಾನ್ ಗಾತ್ರದ ಸಿಲಿಕಾ ಕಣಗಳು, ಅವುಗಳ ಮೈಗೆ ಹದಿನೆಂಟು ಇಂಗಾಲದ ಸರಪಳಿ. ನೀರಿಗೆ ಒಗ್ಗದ ಎಫಾವಿರೆಂಜ್ ಅಲ್ಲಿ ತಂಗಿ, ತಡವಾಗಿ ಹೊರಬಂದು, ನೇರಳಾತೀತ ಬೆಳಕಿನಲ್ಲಿ ತನ್ನ ಪೀಕ್ ಬರೆಯುತ್ತದೆ. ಗೊತ್ತಿರುವಷ್ಟು ಔಷಧ ಬೆರೆಸಿಟ್ಟ ಪ್ಲಾಸ್ಮಾಗಳ ಪೀಕ್‌ಗಳೊಡನೆ ಹೋಲಿಸಿದರೆ ಉತ್ತರ ಸಿಕ್ಕಿತು. ಬೇರ್ಪಡಿಸುವ ಈ ಉಪಾಯ ಹೊಸದಲ್ಲ. ನೂರು ವರ್ಷಕ್ಕೂ ಹಿಂದೆ ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ ಸೀಮೆಸುಣ್ಣದ ಪುಡಿಯಲ್ಲಿ ಎಲೆಯ ಬಣ್ಣಗಳನ್ನು ಹೀಗೆಯೇ ಬಿಡಿಸಿದ್ದ.

ಇಂದು ಡೊಲುಟೆಗ್ರಾವಿರ್ ಎಂಬ ಔಷಧ ಬಂದು ಎಫಾವಿರೆಂಜನ್ನು ಬಹುಮಟ್ಟಿಗೆ ಹಿಂದೆ ಸರಿಸಿದೆ. ಅಳತೆಯ ನಿಯಮ ಮಾತ್ರ ಬದಲಾಗಿಲ್ಲ: ಅಂಕಿಯ ಜೊತೆ ಹೊತ್ತೂ ಗೊತ್ತಿರಬೇಕು. ಆ 1ರಿಂದ 4ರ ಲೆಕ್ಕ ಮಾತ್ರೆ ನುಂಗಿ ಸುಮಾರು 12 ಗಂಟೆ ಕಳೆದ ರಕ್ತಕ್ಕೆ ಸೇರಿದ್ದು. ಮೂರು-ಐದು ಗಂಟೆಗೇ ತೆಗೆದರೆ ಔಷಧ ಇನ್ನೂ ಏರಿಕೆಯ ತುದಿಯಲ್ಲಿರುತ್ತದೆ. ಯಂತ್ರ ಆಗಲೂ ಸರಿಯಾದ ಅಂಕಿಯನ್ನೇ ಕೊಡುತ್ತದೆ, ಓದುವ ನಾವು ತಪ್ಪುತ್ತೇವೆ.

ಒಳಗೆ ನೀವು ಇಟ್ಟಿರುವ ಮಾದರಿ ಚೀಟಿಯಲ್ಲಿ ರೋಗಿಯ ವಯಸ್ಸಿದೆ, ತೂಕವಿದೆ. ಮಾತ್ರೆ ನುಂಗಿದ ಹೊತ್ತು ಬರೆಯಲು ಜಾಗವಿಲ್ಲ. ಪ್ರದರ್ಶನ ಉದ್ಘಾಟನೆಯಾಯಿತೆಂದು ಸಂತೋಷದಿಂದ ಸಾರುತ್ತೇನೆ. ಜನ ಒಳಬರುವ ಮೊದಲು ದಯವಿಟ್ಟು ಆ ಒಂದು ಸಾಲು ಸೇರಿಸಿ.