ಗಾಜು ಒಡೆಯುವ ಬಗೆ

ಬಳೆ ಒಡೆಯಿತು ಎಂಬ ಮಾತನ್ನು ನಮ್ಮ ಅನೇಕ ಮನೆಗಳಲ್ಲಿ ಹಿರಿಯರು ಆಡಗೊಡುವುದಿಲ್ಲ. ಬಳೆ ಹೆಚ್ಚಿತು ಎನ್ನಬೇಕು. ಗಾಜು ಒಡೆಯುವುದು ಅಶುಭವೆಂಬ ಭಾವನೆ ನಮ್ಮ ನುಡಿಯೊಳಕ್ಕೇ ಇಳಿದು ಕುಳಿತಿದೆ. ಆದರೆ ಇಂದು ನಾನು ಮಾತನಾಡಹೊರಟಿರುವುದು ಒಡೆಯುವುದಕ್ಕೆಂದೇ ಅಣಿಯಾಗಿರುವ ಗಾಜನ್ನು ಕುರಿತು, ಎಂದರೆ ನಾವು ದಿನವೂ ಹತ್ತಿ ಇಳಿಯುವ ಮೋಟಾರು ಕಾರಿನ ಗಾಜನ್ನು ಕುರಿತು. ಈ ಗಾಜು ಎಂದೂ ಒಡೆಯಲಾರದು ಎಂದು ಯಾವ ತಯಾರಕನೂ ನಂಬಿಲ್ಲ. ಒಡೆಯುವುದಾದರೆ ಹೇಗೆ ಒಡೆಯಬೇಕು ಎಂಬುದನ್ನು ಮಾತ್ರ ಅವನು ಮುಂದಾಗಿಯೇ ಗೊತ್ತುಮಾಡಿ ಇಟ್ಟಿರುತ್ತಾನೆ. ಅದೂ ಒಂದೇ ಕಾರಿನಲ್ಲಿ ಎರಡು ಬಗೆ. ಮುಂದಿನ ಗಾಜು ಒಡೆದರೂ ಕೈಬಿಡಬಾರದು; ಪಕ್ಕದ ಗಾಜು ಒಡೆದರೆ ಪೂರ್ತಿಯಾಗಿ ಉದುರಿಹೋಗಬೇಕು.

ಈ ಏರ್ಪಾಡಿಗೆ ಕಾರಣ ತಿಳಿಯಬೇಕಾದರೆ ಸಾಮಾನ್ಯ ಗಾಜಿನ ಗುಣವನ್ನು ನೆನೆಯಬೇಕು. ಮನೆಯ ಕಿಟಕಿಯ ಗಾಜು ಒಡೆದಾಗ ಉದ್ದುದ್ದ ಚೂರುಗಳಾಗುತ್ತದೆ, ಒಂದೊಂದು ಚೂರೂ ಒಂದೊಂದು ಚೂರಿ. ಕಾರುಗಳು ಮೊದಲು ರಸ್ತೆಗೆ ಇಳಿದಾಗ ಅವುಗಳಿಗೆ ಕೂರಿಸಿದ್ದು ಇಂಥ ಗಾಜನ್ನೇ. ಡಿಕ್ಕಿಯಲ್ಲಿ ಬದುಕಿ ಉಳಿಯಬಹುದಾಗಿದ್ದವರು ಗಾಜಿಗೆ ಸಿಕ್ಕಿ ಸಾಯುತ್ತಿದ್ದರು. ಫ್ರಾನ್ಸಿನ ಎದುವಾರ್ ಬೆನೆದಿಕ್ತುಸ್ ಎಂಬಾತ ಚಿತ್ರಕಾರನೂ ಹೌದು, ರಸಾಯನಶಾಸ್ತ್ರಜ್ಞನೂ ಹೌದು. 1903ರಲ್ಲಿ ಅವನ ಪ್ರಯೋಗಶಾಲೆಯ ಎತ್ತರದ ಹಲಗೆಯಿಂದ ಒಂದು ಗಾಜಿನ ಬುರುಡೆ ಕೆಳಗೆ ಬಿದ್ದಿತಂತೆ. ಬಿರುಕು ಬಿಟ್ಟಿತು, ಆದರೆ ಚೂರು ಚದುರಲಿಲ್ಲ. ನೋಡಿದರೆ ಒಳಗೆ ಹಿಂದೆಂದೋ ಇರಿಸಿದ್ದ ಸೆಲ್ಯುಲೋಸ್ ನೈಟ್ರೇಟಿನ ದ್ರಾವಣ ಆರಿ, ಗಾಜಿಗೆ ತೆಳ್ಳನೆಯ ಪೊರೆಯಾಗಿ ಅಂಟಿಕೊಂಡಿತ್ತು. ಕಾರು ಅಪಘಾತಗಳ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ಅವನಿಗೆ ಆ ಬುರುಡೆಯ ನೆನಪಾಯಿತೆಂದು ಹೇಳುತ್ತಾರೆ. ವಿಜ್ಞಾನದ ಇಂಥ ಕಥೆಗಳು ಬಾಯಿಂದ ಬಾಯಿಗೆ ಹೋಗುವಾಗ ಸ್ವಲ್ಪ ನುಣುಪಾಗುವುದು ಸಹಜ. ಆದರೆ 1909ರಲ್ಲಿ ಅವನು ಎರಡು ಗಾಜಿನ ಹಾಳೆಗಳ ನಡುವೆ ಪೊರೆಯನ್ನಿಟ್ಟು ಬೆಸೆಯುವ ವಿಧಾನಕ್ಕೆ ಪೇಟೆಂಟು ಪಡೆದದ್ದು ದಾಖಲೆಯ ಮಾತು. ಅವನ ಗಾಜು ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ವಿಷಾನಿಲದ ಮುಖವಾಡಗಳಿಗೆ ಕಣ್ಣಾಯಿತು. ಕಾರುಗಳಲ್ಲಿ ಅದು ಮನೆಮಾತಾದದ್ದು ಆಮೇಲೆ.

ಆ ಮೊದಲ ಪೊರೆಗೆ ಬಿಸಿಲು ತಾಗಿದರೆ ಹಳದಿಯಾಗುವ ದೋಷವಿತ್ತು. 1930ರ ದಶಕದಲ್ಲಿ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಹೊಸ ಪೊರೆ ಬಂದು ಆ ಕೊರತೆಯನ್ನು ನೀಗಿಸಿತು. ಇಂದಿನ ಮುಂದಿನ ಗಾಜೆಂದರೆ ಹೆಚ್ಚುಕಡಮೆ ಎರಡೆರಡು ಮಿಲಿಮೀಟರ್ ದಪ್ಪದ ಎರಡು ಹಾಳೆ, ನಡುವೆ ಮುಕ್ಕಾಲು ಮಿಲಿಮೀಟರಿನಷ್ಟು ಈ ಪೊರೆ; ಮೂರನ್ನೂ ಕಾವು ಕೊಟ್ಟು ಒತ್ತಿ ಒಂದಾಗಿಸಿರುತ್ತಾರೆ. ಇದನ್ನು ನಾನು ಪದರುಗಾಜು ಎಂದು ಕರೆಯುತ್ತೇನೆ. ಲಾರಿಯ ಚಕ್ರದಿಂದ ಸಿಡಿದ ಕಲ್ಲು ಬಡಿದಾಗ ಮುಂದಿನ ಗಾಜಿನಲ್ಲಿ ಜೇಡರ ಬಲೆಯಂಥ ಬಿರುಕು ಮೂಡಿ ಅಲ್ಲಿಗೇ ನಿಂತದ್ದನ್ನು ತಾವು ಕಂಡಿರಬಹುದು. ಹೊರಗಿನ ಹಾಳೆ ಒಡೆದಿದೆ. ಪೊರೆ ಅದನ್ನು ಹಿಡಿದುಕೊಂಡಿದೆ. ಡಿಕ್ಕಿಯಾದಾಗ ಒಳಗಿನವರು ಹೊರಕ್ಕೆ ಎಸೆಯಲ್ಪಡದಂತೆ ತಡೆಯುವುದೂ, ಮುಂದೆ ಕುಳಿತವರ ಎದುರು ಉಬ್ಬುವ ಗಾಳಿಚೀಲಕ್ಕೆ ಆನಿಕೆಯಾಗುವುದೂ ಇದೇ ಗಾಜು.

ಪಕ್ಕದ ಗಾಜಿನ ಪೂರ್ವಚರಿತ್ರೆ ಇದಕ್ಕಿಂತ ಹಳೆಯದು, ನನ್ನ ಮಟ್ಟಿಗೆ ಇದಕ್ಕಿಂತ ಸೊಗಸಾದದ್ದು. ಹದಿನೇಳನೆಯ ಶತಮಾನದ ಯೂರೋಪಿನಲ್ಲಿ ಗಾಜಿನ ಕುಲುಮೆಯವರು ಒಂದು ಆಟ ಬಲ್ಲವರಾಗಿದ್ದರು. ಕರಗಿದ ಗಾಜಿನ ಹನಿಯೊಂದನ್ನು ತಣ್ಣೀರಿಗೆ ಬಿಟ್ಟರೆ ಅದು ಗೊದಮೊಟ್ಟೆಯ ಆಕಾರದಲ್ಲಿ ಗಟ್ಟಿಯಾಗುತ್ತಿತ್ತು. ದುಂಡು ತಲೆ, ಎಳೆಯಂಥ ಬಾಲ. ತಲೆಯನ್ನು ಸುತ್ತಿಗೆಯಿಂದ ಬಡಿದರೂ ಏನೂ ಆಗದು. ಬಾಲದ ತುದಿಯನ್ನು ಬೆರಳಲ್ಲಿ ಮುರಿದರೆ ಮಾತ್ರ ಇಡೀ ಹನಿ ಕಣ್ಣೆದುರೇ ಪುಡಿಪುಡಿ. ರೂಪರ್ಟ್ ಎಂಬ ರಾಜಕುಮಾರ ಇವನ್ನು ಇಂಗ್ಲೆಂಡಿಗೆ ತಂದದ್ದರಿಂದ ರಾಜಕುಮಾರ ರೂಪರ್ಟನ ಹನಿಗಳೆಂದೇ ಹೆಸರಾಯಿತು. ಎರಡನೆಯ ಚಾರ್ಲ್ಸ್ ದೊರೆ 1661ರಲ್ಲಿ ಅವನ್ನು ರಾಯಲ್ ಸೊಸೈಟಿಯ ವಿದ್ವಾಂಸರ ಮುಂದಿರಿಸಿದ. ರಾಬರ್ಟ್ ಹುಕ್ ತನ್ನ 1665ರ ‘ಮೈಕ್ರೊಗ್ರಾಫಿಯಾ’ದಲ್ಲಿ ಇದರ ಗುಟ್ಟು ಬಿಡಿಸಲು ಯತ್ನಿಸಿದ.

ಗುಟ್ಟು ಇಷ್ಟು. ನೀರಿಗೆ ಬಿದ್ದ ಹನಿಯ ಮೈ ಮೊದಲು ತಣಿದು ಗಟ್ಟಿಯಾಗುತ್ತದೆ. ಒಡಲು ಇನ್ನೂ ಬಿಸಿಯಾಗಿಯೇ ಇರುತ್ತದೆ. ಆಮೇಲೆ ಒಡಲು ತಣಿದು ಕುಗ್ಗತೊಡಗಿದಾಗ, ಆಗಲೇ ಬಿಗಿದಿರುವ ಮೈಯನ್ನು ಒಳಕ್ಕೆ ಜಗ್ಗುತ್ತದೆ. ಹೀಗಾಗಿ ಮೈಯೆಲ್ಲ ಒತ್ತಡ, ಒಡಲೆಲ್ಲ ಸೆಳೆತ. ಗಾಜು ಒಡೆಯುವುದು ಸೆಳೆತದಿಂದಲೇ ಹೊರತು ಒತ್ತಡದಿಂದಲ್ಲ. ಬಿರುಕು ಬಾಯಿ ತೆರೆಯಬೇಕಾದರೆ ಅದನ್ನು ಎರಡು ಕಡೆಗೂ ಎಳೆಯುವ ಬಲ ಬೇಕು. ಒತ್ತಡದಲ್ಲಿರುವ ಮೈ ಆ ಬಾಯನ್ನು ಮುಚ್ಚಿಹಿಡಿಯುತ್ತದೆ. ಆದರೆ ಒಂದು ಬಿರುಕು ಹೇಗಾದರೂ ಮೈಯನ್ನು ದಾಟಿ ಒಡಲಿನ ಸೆಳೆತದೊಳಕ್ಕೆ ಕಾಲಿಟ್ಟಿತೋ, ಅಲ್ಲಿ ಕೂಡಿಟ್ಟಿದ್ದ ಬಲವೆಲ್ಲ ಬಿಡುಗಡೆಯಾಗಿ, ಅದು ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರ್ ವೇಗದಲ್ಲಿ ಕವಲು ಕವಲಾಗಿ ಹರಿದುಬಿಡುತ್ತದೆ.

ಕಾರಿನ ಪಕ್ಕದ ಗಾಜು ಇದೇ ಹನಿಯ ಮೊಮ್ಮಗು. ಗಾಜನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಅಂಚು ನಯಮಾಡಿ, 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲಕ್ಕೆ ಕಾಯಿಸಿ, ಎರಡು ಬದಿಯಿಂದಲೂ ತಣ್ಣನೆಯ ಗಾಳಿ ಬೀಸಿ ಥಟ್ಟನೆ ತಣಿಸುತ್ತಾರೆ. ಕಮ್ಮಾರ ಕುಡುಗೋಲಿಗೆ ಹದ ಕೊಡುವಂತೆ ಇದೂ ಒಂದು ಹದ. ಹದಗೊಂಡ ಗಾಜು ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಾಲು ಗಟ್ಟಿ. ಒಡೆದರೆ ಚೂರಿಗಳಾಗದೆ ಕಲ್ಲುಸಕ್ಕರೆಯಂಥ ಮೊಂಡು ಹರಳುಗಳಾಗಿ ಸುರಿದುಹೋಗುತ್ತದೆ. ಹದವಾದ ಮೇಲೆ ಇದನ್ನು ಕೊಯ್ಯುವಂತಿಲ್ಲ, ತೂತು ಕೊರೆಯುವಂತಿಲ್ಲ; ಒಂದು ಗೀರು ಆಳಕ್ಕಿಳಿದರೆ ಎಲ್ಲವೂ ಮುಗಿಯಿತು.

ಇನ್ನು ಈ ಗಾಜನ್ನು ಏರಿಸಿ ಇಳಿಸುವ ಯಂತ್ರ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಬಾಗಿಲಿನ ಹಿಡಿಯನ್ನು ಕೈಯಿಂದ ತಿರುಗಿಸಬೇಕಾಗಿತ್ತು. ಹಿಂದೆ ಕುಳಿತ ಮಕ್ಕಳಿಗೆ ಅದೊಂದು ಆಟಿಕೆ. ಅಮೆರಿಕದ ಪ್ಯಾಕರ್ಡ್ ಕಾರುಗಳಲ್ಲಿ 1940ರಷ್ಟು ಹಿಂದೆಯೇ ಗುಂಡಿ ಒತ್ತಿದರೆ ಏರುವ ಗಾಜು ಬಂದಿತ್ತು. ನಮ್ಮಲ್ಲಿ ಅದು ಸಾಮಾನ್ಯರ ಕಾರಿಗೆ ಇಳಿದುಬರಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. ಗ್ಯಾರೇಜಿನವರು ‘ವಿಂಡೋ ಮಿಷಿನ್’ ಎನ್ನುವ ಈ ಸಲಕರಣೆಯನ್ನು ನಾನು ಒಮ್ಮೆ ಬಾಗಿಲಿನ ಒಳಹಲಗೆ ಬಿಚ್ಚಿದ್ದಾಗ ನಿಂತು ನೋಡಿದೆ. ‘ಏನಿದೆ ಸಾರ್ ಇದರಲ್ಲಿ, ಒಂದು ಮೋಟರು, ಒಂದು ತಂತಿ’ ಎಂದ ಮೇಸ್ತ್ರಿ. ಅವನು ಹೇಳಿದ್ದು ಬಹುಪಾಲು ನಿಜ. ಅಂಗೈಯಲ್ಲಿ ಹಿಡಿಸುವ ಮೋಟಾರು, ಅದರ ತುದಿಗೆ ತಿರುಪಿನ ಆಕಾರದ ಹಲ್ಲು, ಆ ಹಲ್ಲಿಗೆ ಸಿಕ್ಕಿದ ಚಕ್ರ, ಚಕ್ರಕ್ಕೆ ಸುತ್ತಿದ ಉಕ್ಕಿನ ತಂತಿ, ತಂತಿ ಎಳೆದತ್ತ ಜಾರುವ ಗಾಜು. ಗುಂಡಿ ಮಾಡುವ ಕೆಲಸವೆಂದರೆ ವಿದ್ಯುತ್ತಿನ ಎರಡು ಧ್ರುವಗಳನ್ನು ಅದಲುಬದಲು ಮಾಡುವುದು. ಒಂದು ಕಡೆ ಹರಿದರೆ ಏರಿಕೆ, ಇನ್ನೊಂದು ಕಡೆ ಹರಿದರೆ ಇಳಿಕೆ.

ಆ ತಿರುಪುಹಲ್ಲಿನಲ್ಲಿ ಒಂದು ಜಾಣತನವಿದೆ. ತಿರುಪು ಚಕ್ರವನ್ನು ತಿರುಗಿಸಬಲ್ಲುದು. ಚಕ್ರ ತಿರುಪನ್ನು ತಿರುಗಿಸಲಾರದು. ಆದ್ದರಿಂದಲೇ ಮುಚ್ಚಿದ ಗಾಜನ್ನು ಕಳ್ಳನು ಹೊರಗಿನಿಂದ ಕೈಯಲ್ಲಿ ಒತ್ತಿ ಇಳಿಸಲಾರ. ಅದೇ ಕಾರಣದಿಂದ, ವಿದ್ಯುತ್ತು ನಿಂತ ಮೇಲೆ ಒಳಗಿದ್ದವನೂ ಇಳಿಸಲಾರ. ಕಳ್ಳನಿಗೂ ಒಡೆಯನಿಗೂ ಭೇದ ಕಾಣದ ಕಾವಲುಗಾರ ಇದು.

ಮೋಟಾರಿಗೆ ಕೈಯ ಅಳತೆಯೂ ಇಲ್ಲ. ಹಿಡಿ ತಿರುಗಿಸುವಾಗ ಏನೋ ಅಡ್ಡ ಬಂದಿತೆಂದು ತೋಳಿಗೆ ತಿಳಿಯುತ್ತಿತ್ತು. ಮೋಟಾರು ಮಗುವಿನ ಕತ್ತನ್ನೂ ರಬ್ಬರಿನ ಅಂಚನ್ನೂ ಒಂದೇ ಎಂದು ಭಾವಿಸುತ್ತದೆ. ಮಗು ಕಿಟಕಿಯಿಂದ ತಲೆ ಹೊರಗಿಟ್ಟು, ಮೊಣಕಾಲಿನಿಂದ ತಿಳಿಯದೆ ಗುಂಡಿಯನ್ನು ಒತ್ತಿ ಸತ್ತ ದುರಂತಗಳು ಅಮೆರಿಕದಲ್ಲಿ ನಡೆದ ಬಳಿಕ, ಅರಿಯದೆ ಒತ್ತಿದರೆ ಗಾಜು ಏರದಂಥ ಗುಂಡಿಗಳಿರಬೇಕೆಂದು ಅಲ್ಲಿ 2004ರಲ್ಲಿ ನಿಯಮ ಬಂದಿತು. ಈಗ ಅನೇಕ ಕಾರುಗಳಲ್ಲಿ ಗಾಜು ಏರಬೇಕಾದರೆ ಗುಂಡಿಯನ್ನು ಬೆರಳಿನಿಂದ ಮೇಲಕ್ಕೆ ಮೀಟಬೇಕು; ಇಳಿಯಬೇಕಾದರೆ ಒತ್ತಬೇಕು. ಇನ್ನು ಕೆಲವು ಕಾರುಗಳಲ್ಲಿ ಮೋಟಾರಿನ ಓಟ ಹಠಾತ್ತನೆ ಮಂದವಾದರೆ ಅದನ್ನು ಅರಿತು ಗಾಜು ತಾನಾಗಿ ಕೆಳಗಿಳಿಯುವ ವ್ಯವಸ್ಥೆಯಿದೆ. ಎಲ್ಲ ಕಾರುಗಳಲ್ಲೂ ಎಲ್ಲ ಬಾಗಿಲುಗಳಿಗೂ ಇದು ಇರುವುದಿಲ್ಲ. ಹಿಂಬದಿಯ ಗಾಜುಗಳ ಗುಂಡಿಯನ್ನು ನಿಷ್ಕ್ರಿಯಗೊಳಿಸುವ ಬೀಗ ಚಾಲಕನ ಬಾಗಿಲಲ್ಲಿ ಇರುವುದು ಮಕ್ಕಳ ಸಲುವಾಗಿಯೇ.

2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರು ತುಂಬಿ, ಅದರೊಳಗೆ ಸಿಲುಕಿದ ಕಾರಿನಲ್ಲಿದ್ದ ತರುಣಿಯೊಬ್ಬಳು ತೀರಿಕೊಂಡಳು. ನಗರದ ನಟ್ಟನಡುವೆ, ವಿಧಾನಸೌಧದಿಂದ ಕೂಗಳತೆಯಲ್ಲಿ, ಹಾಡಹಗಲು. ಆ ಕಾರಿನ ಗಾಜಿನ ವಿಚಾರ ಹೇಳಲು ನಾನು ಹೊರಟಿಲ್ಲ. ಆದರೆ ಅಂದಿನಿಂದ ನೀರಿನಲ್ಲಿ ಕಾರು ಎಂಬ ಮಾತು ನದಿ ಕಾಲುವೆಗಳ ದಡದವರಿಗೆ ಮಾತ್ರ ಸೇರಿದ್ದಾಗಿ ಉಳಿಯಲಿಲ್ಲ.

ನೀರಿನಲ್ಲಿ ಬಾಗಿಲು ಏಕೆ ತೆರೆಯದು? ಒಂದು ಮೀಟರ್ ಅಗಲದ ಬಾಗಿಲಿನ ಹೊರಗೆ 80 ಸೆಂಟಿಮೀಟರ್ ಎತ್ತರಕ್ಕೆ ನೀರು ನಿಂತಿದೆ, ಒಳಗೆ ಇನ್ನೂ ನೀರಿಲ್ಲ ಎಂದಿಟ್ಟುಕೊಳ್ಳಿ. ಆಗ ಬಾಗಿಲನ್ನು ಒಳಕ್ಕೆ ಅದುಮುವ ಬಲ 320 ಕಿಲೋಗ್ರಾಂ ತೂಕಕ್ಕೆ ಸಮ. ಮೂರು ಕ್ವಿಂಟಲಿಗೂ ಹೆಚ್ಚಿನ ಹೊರೆಯನ್ನು ಬಾಗಿಲಿಗೆ ಆನಿಸಿ, ಭುಜದಿಂದ ದೂಡಿ ತೆರೆ ಎಂದಂತೆ. ಒಳಗೂ ನೀರು ತುಂಬಿ ಎರಡೂ ಕಡೆ ಸಮವಾದರೆ ಬಾಗಿಲು ತೆರೆದೀತು. ಅಲ್ಲಿಯವರೆಗೆ ಕಾಯಿರಿ ಎಂಬ ಉಪದೇಶ ಬಹುಕಾಲ ಚಲಾವಣೆಯಲ್ಲಿತ್ತು. ಕಾಯುವವನಿಗೆ ಉಸಿರು ಉಳಿದಿರಬೇಕಲ್ಲ! ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ವಿಜ್ಞಾನಿ ನಿಜವಾದ ವಾಹನಗಳನ್ನೇ ನೀರಿಗಿಳಿಸಿ ಪರೀಕ್ಷಿಸಿ ಈ ಉಪದೇಶವನ್ನು ಬಲವಾಗಿ ಅಲ್ಲಗಳೆದರು. ನೀರಿಗೆ ಬಿದ್ದ ಕಾರು ಅರ್ಧ ನಿಮಿಷದಿಂದ ಎರಡು ನಿಮಿಷದವರೆಗೆ ತೇಲುತ್ತದೆ. ಇರುವ ಅವಕಾಶ ಅಷ್ಟೇ. ನೀರು ತಾಗಿದ ಕೂಡಲೇ ವಿದ್ಯುತ್ತು ಕೆಡುವುದಿಲ್ಲ, ಮೊದಲ ಕ್ಷಣಗಳಲ್ಲಿ ಗಾಜು ಸಾಮಾನ್ಯವಾಗಿ ಇಳಿಯುತ್ತದೆ. ನೀರು ಕಿಟಕಿಯ ಮಟ್ಟಕ್ಕೆ ಏರಿ ಗಾಜನ್ನು ಅದರ ಗಾಡಿಗೆ ಅದುಮಿಬಿಟ್ಟರೆ ಮೋಟಾರು ಸೋಲುತ್ತದೆ. ಆದಕಾರಣ ಅವರು ಹೇಳುವ ಕ್ರಮ ಇದು: ಮೊದಲು ಸೀಟಿನ ಪಟ್ಟಿ ಬಿಚ್ಚಬೇಕು, ಒಡನೆ ಗಾಜು ಇಳಿಸಬೇಕು, ಮಕ್ಕಳನ್ನು ಮುಂದಾಗಿ ಹೊರಗೆ ಕಳಿಸಿ ತಾವು ಹೊರಬೀಳಬೇಕು. ಫೋನು ಮಾಡಲು ತೊಡಗಿದರೆ ಇರುವ ಒಂದು ನಿಮಿಷವೂ ಕಳೆದುಹೋಗುತ್ತದೆ. ಬಾಗಿಲಿಗೆ ಕೈ ಹಾಕಕೂಡದು. ಅದು ತೆರೆದುಕೊಂಡರೂ ನೀರು ನುಗ್ಗಿ ಕಾರು ಬೇಗ ಮುಳುಗುತ್ತದೆ.

ಗಾಜು ಇಳಿಯದಿದ್ದರೆ ಒಡೆಯಬೇಕು. ಮುಂದಿನ ಗಾಜನ್ನು ಒದೆಯುವುದು ವ್ಯರ್ಥ. ಅದರ ಧರ್ಮವೇ ಕೈಬಿಡದಿರುವುದು. ಪಕ್ಕದ ಹದಗಾಜನ್ನು ಮುಷ್ಟಿಯಿಂದ ಗುದ್ದುವುದೂ ವ್ಯರ್ಥ. ಗುದ್ದು ಅಗಲವಾಗಿ ಹರಡಿಹೋಗುತ್ತದೆ. ಒತ್ತಡದ ಮೈಯನ್ನು ದಾಟಲು ಬೇಕಾದದ್ದು ಚೂಪಾದ, ಗಡುಸಾದ ಮೊನೆ. ಮೊನೆಯುಳ್ಳ ಚಿಕ್ಕ ಸುತ್ತಿಗೆಯನ್ನೋ, ಒತ್ತಿದರೆ ಚಿಮ್ಮುವ ಸ್ಪ್ರಿಂಗಿನ ಉಳಿಯನ್ನೋ ಕಾರಿನಲ್ಲಿ ಇಟ್ಟುಕೊಳ್ಳಬಹುದು. ಅದು ಡಿಕ್ಕಿಯ ಪೆಟ್ಟಿಗೆಯಲ್ಲಿ ಇದ್ದರೆ ಇಲ್ಲದಂತೆಯೇ; ಪಟ್ಟಿ ಬಿಗಿದು ಕುಳಿತಾಗಲೂ ಕೈಗೆಟುಕುವ ಕಡೆ ಇರಬೇಕು. ಗಾಜಿನ ನಡುವೆ ಹೊಡೆದರೆ ಅದು ಬಾಗಿ ಪೆಟ್ಟನ್ನು ನುಂಗುತ್ತದೆ. ಮೂಲೆಯಲ್ಲಿ, ಅಂಚಿನ ಸಮೀಪ ಹೊಡೆಯಬೇಕು.

ಇಲ್ಲಿ ಒಂದು ಹೊಸ ತೊಡಕು ಹುಟ್ಟಿದೆ. ಹೊರಗಿನ ಸದ್ದು ಒಳಗೆ ಬರಬಾರದೆಂದೂ, ಕಾರು ಪಲ್ಟಿಯಾದಾಗ ಜನ ಹೊರಕ್ಕೆ ಎಸೆಯಲ್ಪಡಬಾರದೆಂದೂ ಈಚಿನ ಹಲವು ಕಾರುಗಳಲ್ಲಿ ಪಕ್ಕಕ್ಕೂ ಪದರುಗಾಜನ್ನೇ ಕೂರಿಸುತ್ತಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಅಮೆರಿಕದ ಮೋಟಾರು ಸಂಘವಾದ ಎಎಎ 2019ರಲ್ಲಿ ಇಂಥ ಆರು ಉಪಕರಣಗಳನ್ನು ಪರೀಕ್ಷಿಸಿದಾಗ, ನಾಲ್ಕು ಹದಗಾಜನ್ನು ಒಡೆದವು. ಪದರುಗಾಜನ್ನು ಒಡೆದು ದಾರಿ ಮಾಡಿದ್ದು ಒಂದೂ ಇಲ್ಲ. ಹದಗಾಜಿಗೆ ದಪ್ಪನೆಯ ಹಾಳೆಯನ್ನು ಅಂಟಿಸಿಕೊಂಡವರೂ, ಒಡೆದ ಹರಳು ಉದುರದಂತೆ, ತಮಗರಿವಿಲ್ಲದೆ ಇದೇ ಗುಣವನ್ನು ತಂದುಕೊಂಡಿರುತ್ತಾರೆ.

ತಮ್ಮ ಕಾರಿನಲ್ಲಿ ಯಾವುದು ಎಲ್ಲಿದೆ ಎಂದು ತಿಳಿಯುವುದು ಕಷ್ಟವಲ್ಲ. ಗಾಜಿನ ಕೆಳಮೂಲೆಯಲ್ಲಿ ಅಳಿಸಲಾಗದ ಸಣ್ಣ ಅಕ್ಷರಗಳ ಮುದ್ರೆಯಿರುತ್ತದೆ. ಲ್ಯಾಮಿನೇಟೆಡ್ ಎಂದೋ ಟೆಂಪರ್ಡ್ ಎಂದೋ ಹಲವು ಗಾಜುಗಳ ಮೇಲೆ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಬರೆದಿಲ್ಲದಿದ್ದರೆ ಗಾಜನ್ನು ಅರ್ಧ ಇಳಿಸಿ ಅದರ ಮೇಲಂಚನ್ನು ನೋಡಿ. ಒಂದೇ ಗಾಜಾಗಿದ್ದರೆ ಹದಗಾಜು. ಎರಡು ಗಾಜಿನ ನಡುವೆ ಕೂದಲೆಳೆಯಂಥ ಗೆರೆ ಕಂಡರೆ ಪದರುಗಾಜು. ಮುಂದಿನ ಬಾಗಿಲುಗಳಿಗೆ ಪದರುಗಾಜನ್ನೂ ಹಿಂದಿನವಕ್ಕೆ ಹದಗಾಜನ್ನೂ ಕೂರಿಸಿದ ಕಾರುಗಳುಂಟು. ಆದುದರಿಂದ ನಾಲ್ಕೂ ಬಾಗಿಲುಗಳನ್ನು ನೋಡಬೇಕು. ಪಕ್ಕದವೆಲ್ಲ ಪದರುಗಾಜೇ ಆಗಿದ್ದರೆ, ಹಿಂಬದಿಯ ದೊಡ್ಡ ಗಾಜನ್ನು ನೋಡಿ, ಮಂಜು ಕರಗಿಸಲು ಕೆಂಪು ಗೆರೆಗಳನ್ನು ಎಳೆದಿರುತ್ತಾರಲ್ಲ, ಅದು. ಬಹುಮಟ್ಟಿಗೆ ಅದಿನ್ನೂ ಹದಗಾಜೇ.