ಕುರುಂಗ್ ಎಂದರೆ ಬಂಧನವೆ?



ಯಾವುದಾದರೂ ನಾಡನ್ನು ಕಿರುತೆರೆಯ ಮೇಲೆ ಪರಿಚಯಿಸಬೇಕಾದಾಗ ನಮ್ಮಂಥ ನಿರ್ಮಾಪಕರು ಮೊದಲು ಹುಡುಕುವುದು ಅಲ್ಲಿನ ಹೆಂಗಸರ ಉಡುಗೆಯನ್ನು. ಮಲೇಷ್ಯಾ ಎಂದೊಡನೆ ಜರಿಯ ಬಟ್ಟೆ ತೊಟ್ಟು ಅತಿಥಿಗಳನ್ನು ಸ್ವಾಗತಿಸುವ ತರುಣಿಯರ ಚಿತ್ರ ತೆರೆಯ ಮೇಲೆ ಮೂಡುತ್ತದೆ. ಚಿತ್ರವೇನೋ ಸುಂದರ. ಆದರೆ ನೋಡಿದವರಿಗೆ, ಈ ಉಡುಗೆ ಸಮಾರಂಭಕ್ಕಷ್ಟೇ ಮೀಸಲು ಎನ್ನಿಸಿಬಿಡಬಹುದು. ವಾಸ್ತವ ಬೇರೆಯೇ ಇದೆ. ಕ್ವಾಲಾಲಂಪುರದ ಬೆಳಗಿನ ರೈಲಿನಲ್ಲಿ ಕೆಲಸಕ್ಕೆ ಹೊರಟ ಉಪಾಧ್ಯಾಯಿನಿ, ಬ್ಯಾಂಕಿನ ಅಧಿಕಾರಿ, ಸರ್ಕಾರಿ ಕಚೇರಿಯ ಗುಮಾಸ್ತೆ, ವಿಶ್ವವಿದ್ಯಾಲಯದ ವಿದ್ಯಾರ್ಥಿನಿ, ಇವರಲ್ಲಿ ಅನೇಕರು ತೊಟ್ಟಿರುವುದು ಅದೇ ಉಡುಗೆಯನ್ನು. ಜರಿ ಮಾತ್ರ ಇರುವುದಿಲ್ಲ. ಅದರ ಹೆಸರು ಬಾಜು ಕುರುಂಗ್.

ಮಲಯ ಭಾಷೆಯಲ್ಲಿ ಬಾಜು ಎಂದರೆ ಅಂಗಿ. ಕುರುಂಗ್ ಎಂದರೆ ಸುತ್ತಲೂ ಮುಚ್ಚು, ಕೂಡಿಹಾಕು. ಹೆಸರನ್ನಷ್ಟೇ ಕೇಳಿದರೆ ಹೆಣ್ಣನ್ನು ಬಂಧಿಸಿಡಲೆಂದೇ ಹುಟ್ಟಿದ ಉಡುಪು ಎಂದು ತೋರುತ್ತದೆ. ಹಾಗಾದರೆ ವಿದ್ಯೆ ಕಲಿತು, ದುಡಿದು, ಸ್ವಂತ ಕಾಲ ಮೇಲೆ ನಿಂತ ಮಹಿಳೆ ಇದನ್ನು ಏಕೆ ಬಿಡಲಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಆ ಅಂಗಿಯನ್ನು ಒಮ್ಮೆ ಬಿಚ್ಚಿ ಹರಡಿ ನೋಡೋಣ, ಬನ್ನಿ.

ಬಾಜು ಕುರುಂಗ್ ಮೊಣಕಾಲಿನ ಆಸುಪಾಸಿನವರೆಗೆ ಇಳಿಯುವ, ತುಂಬುತೋಳಿನ ಸಡಿಲ ಅಂಗಿ. ಅದರ ಕೆಳಗೆ ಪಾದದವರೆಗೆ ಬರುವ ಸರೋಂಗ್, ಅಂದರೆ ಸೊಂಟಕ್ಕೆ ಸುತ್ತುವ ಬಟ್ಟೆ. ಹಳೆಯ ಪದ್ಧತಿಯ ಅಂಗಿಗೆ ಹೆಗಲ ಮೇಲೆ ಹೊಲಿಗೆಯೇ ಇಲ್ಲ. ಉದ್ದನೆಯ ಒಂದೇ ಬಟ್ಟೆಯನ್ನು ಹೆಗಲ ಬಳಿ ಮಡಿಸಿ, ನಡುವೆ ಕತ್ತು ತೂರುವಷ್ಟು ಜಾಗ ಕತ್ತರಿಸಿದರೆ ಮುಂಭಾಗ, ಹಿಂಭಾಗ ಎರಡೂ ಸಿದ್ಧ. ಎರಡು ಪಕ್ಕಗಳಲ್ಲಿ ಕೆಳಗೆ ಅಗಲವಾಗುತ್ತ ಹೋಗುವ ಪಟ್ಟಿಗಳನ್ನು ಸೇರಿಸುತ್ತಾರೆ. ಇವಕ್ಕೆ ಪೆಸಾಕ್ ಎಂದು ಹೆಸರು. ಕಂಕುಳಿನಲ್ಲಿ ಚೌಕಾಕಾರದ ಒಂದು ಸಣ್ಣ ತುಂಡು, ಅದು ಕೆಕೆಕ್. ಕತ್ತಿನ ಸುತ್ತ ಒತ್ತಾಗಿ ಹಾಕುವ ಕೈಹೊಲಿಗೆಗೆ ತುಲಾಂಗ್ ಬೆಲುತ್, ಎಂದರೆ ಹಾವುಮೀನಿನ ಮೂಳೆ ಎಂಬ ತಮಾಷೆಯ ಹೆಸರಿದೆ. ಹೊಲಿಗೆಯನ್ನು ಹತ್ತಿರದಿಂದ ನೋಡಿದವರು ಈ ಹೆಸರನ್ನು ಒಪ್ಪದಿರಲಾರರು.

ಈ ಕತ್ತರಿಕೆಯ ಜಾಣತನವನ್ನು ಗಮನಿಸಿ. ತುಂಡುಗಳು ಬಹುಮಟ್ಟಿಗೆ ನೇರ ಅಂಚಿನವು. ಆದ್ದರಿಂದ ಮಗ್ಗದಿಂದ ಇಳಿದ ಬಟ್ಟೆಯಲ್ಲಿ ವ್ಯರ್ಥವಾಗುವ ಭಾಗ ಬಲು ಕಡಿಮೆ. ಕಂಕುಳಿನ ಚೌಕ ತುಂಡು ಇರುವುದರಿಂದ ಕೈಯನ್ನು ಮೇಲೆತ್ತಿದರೂ ಅಂಗಿ ಹಿಡಿಯುವುದಿಲ್ಲ, ಹೊಲಿಗೆ ಬಿಡುವುದಿಲ್ಲ. ನಮ್ಮ ಹಳೆಯ ಬಗೆಯ ಜುಬ್ಬಗಳಲ್ಲೂ ಇಂಥ ತುಂಡು ಇರುವುದನ್ನು ಹಿರಿಯ ದರ್ಜಿಗಳು ಬಲ್ಲರು. ಪಕ್ಕದ ಪಟ್ಟಿಗಳಿಂದ ನಡಿಗೆಗೆ, ಕುಳಿತೇಳುವುದಕ್ಕೆ ಬೇಕಾದಷ್ಟು ಅಗಲ ಸಿಗುತ್ತದೆ. ಹೆಸರು ಬಂಧನವೆಂದರೂ ಹೊಲಿಗೆ ಮಾಡುವುದು ಬಿಡುಗಡೆಯ ಕೆಲಸವನ್ನೇ.

ಇನ್ನು ಹವೆಯ ಮಾತು. ಮಲೇಷ್ಯಾ ಸಮಭಾಜಕ ವೃತ್ತಕ್ಕೆ ತೀರ ಹತ್ತಿರದ ದೇಶ. ತಗ್ಗುಪ್ರದೇಶಗಳಲ್ಲಿ ವರ್ಷದುದ್ದಕ್ಕೂ ಹಗಲಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಗಾಳಿಯಲ್ಲಿ ತೇವವೂ ವಿಪರೀತ. ಇಂಥ ಕಡೆ ಬೆವರು ಬೇಗ ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಮೈಗೂ ಬಟ್ಟೆಗೂ ನಡುವೆ ಗಾಳಿ ಆಡುವಷ್ಟು ಜಾಗ ಬಿಡುವ ಸಡಿಲ ಅಂಗಿ ಇದಕ್ಕೆ ಸಹಜವಾದ ಉಪಾಯ. ಆದರೆ ಬಟ್ಟೆ ಯಾವುದು ಎಂಬುದೂ ಮುಖ್ಯ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು 8 ಶೇಕಡದಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ 0.4 ಶೇಕಡದಷ್ಟು ಮಾತ್ರ. ಇಂದು ಅಂಗಡಿಗಳಲ್ಲಿ ಅಗ್ಗವಾಗಿ ಸಿಗುವ ಸಿದ್ಧ ಉಡುಪುಗಳಲ್ಲಿ ಪಾಲಿಯೆಸ್ಟರಿನವೇ ಹೇರಳ. ಅವು ಸುಕ್ಕಾಗವು, ಇಸ್ತ್ರಿ ಬೇಡವು. ದುಡಿಯುವ ತಾಯಿಗೆ ಬೆಳಗಿನ ಹೊತ್ತು ಅದು ಸಣ್ಣ ಉಪಕಾರವಲ್ಲ. ಹವೆಗೆ ತಕ್ಕ ಕತ್ತರಿಕೆ, ಹವೆಗೆ ಒಗ್ಗದ ಬಟ್ಟೆ! ಆಧುನಿಕ ಬದುಕಿನ ರಾಜಿಗಳು ಹೀಗೆಯೇ ಇರುತ್ತವೆ.

ಬಾಜು ಕುರುಂಗ್‌ನ ಜೊತೆಗಾತಿ ಕೆಬಾಯ. ಇದು ಮುಂದೆ ತೆರೆದ, ಮೈಗೆ ಒಪ್ಪುವಂತೆ ಹೊಲಿದ ಅಂಗಿ. ಗುಂಡಿಗಳ ಬದಲು ಕೆರೊಂಸಾಂಗ್ ಎಂಬ ಆಭರಣದ ಪಿನ್ನುಗಳಿಂದ ಸೇರಿಸುವುದು ವಾಡಿಕೆ. 1950 ಮತ್ತು 60ರ ದಶಕಗಳಲ್ಲಿ ಗಾಯಕಿ, ನಟಿ ಸಲೋಮಾ ಬಿಗಿಯಾದ ಕೆಬಾಯ ತೊಟ್ಟು ತೆರೆಯ ಮೇಲೆ, ವೇದಿಕೆಯ ಮೇಲೆ ಮೆರೆದರು. ಆ ಬಗೆಯ ಅಂಗಿಗೆ ಅವರ ಹೆಸರೇ ಅಂಟಿಕೊಂಡಿತು. 2024ರ ಡಿಸೆಂಬರ್‌ನಲ್ಲಿ ಬ್ರುನೈ, ಇಂಡೋನೇಷ್ಯಾ, ಮಲೇಷ್ಯಾ, ಸಿಂಗಪುರ ಮತ್ತು ಥಾಯ್ಲೆಂಡ್ ದೇಶಗಳು ಒಟ್ಟಾಗಿ ಸಲ್ಲಿಸಿದ ಕೋರಿಕೆಯಂತೆ ಯುನೆಸ್ಕೊ ಸಂಸ್ಥೆ ಕೆಬಾಯವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ಅಂಗಿ ಐದು ದೇಶಗಳ ಆಸ್ತಿಯೆಂದು ಒಪ್ಪಿಕೊಂಡದ್ದು ನೆಮ್ಮದಿಯ ಸಂಗತಿ.

ಹಾಗೆ ನೋಡಿದರೆ ಈ ಆಸ್ತಿಯಲ್ಲಿ ನಮ್ಮ ಪಾಲೂ ಸ್ವಲ್ಪ ಉಂಟು. ಮಲಯ ಭಾಷೆಯಲ್ಲಿ ಉಡುಪಿಗೆ ಬುಸಾನ ಎಂಬ ಮಾತಿದೆ; ಅದು ನಮ್ಮ ಭೂಷಣ. ರೇಷ್ಮೆಗೆ ಸುತೆರಾ, ಅದು ಸೂತ್ರ. ಹತ್ತಿಗೆ ಕಾಪಾಸ್, ಬಣ್ಣಕ್ಕೆ ವರ್ಣ. ಗಂಡಸರ ಚೌಕಳಿ ಲುಂಗಿಗೆ ಅಲ್ಲಿ ಪೆಲಿಕಾತ್ ಎನ್ನುತ್ತಾರೆ. ತಮಿಳುನಾಡಿನ ಪುಲಿಕಾಟ್ ಬಂದರಿನ ಹೆಸರದು. 1511ರಲ್ಲಿ ಪೋರ್ಚುಗೀಸರು ಮಲಕ್ಕಾ ಪಟ್ಟಣವನ್ನು ಹಿಡಿಯುವುದಕ್ಕೆ ಮೊದಲೇ ಗುಜರಾತಿನ ಮತ್ತು ಕೋರಮಂಡಲ ತೀರದ ಬಟ್ಟೆಗಳು ಆ ಪೇಟೆಯಲ್ಲಿ ಮಾರಾಟವಾಗುತ್ತಿದ್ದವು. ಶುದ್ಧ ಸ್ವದೇಶಿ ಎಂದು ನಾವು ಕರೆಯುವ ಉಡುಗೆಗಳ ಮಡಿಕೆಗಳಲ್ಲಿ ಹೀಗೆ ಎಷ್ಟೋ ಹಡಗುಗಳ ದಾರಿ ಅಡಗಿರುತ್ತದೆ.

ಈಗ ಮೂಲ ಪ್ರಶ್ನೆಗೆ ಬರೋಣ. ಬಾಜು ಕುರುಂಗ್ ಇಂದಿನ ಕಚೇರಿಯನ್ನು ಹೇಗೆ ಹೊಕ್ಕಿತು? ಅದು ಅಜ್ಜಿಯಿಂದ ಮೊಮ್ಮಗಳಿಗೆ ಎಡೆಬಿಡದೆ ಬಂದದ್ದೆಂದು ಭಾವಿಸಬೇಕಾಗಿಲ್ಲ. 1960ರ ದಶಕದಲ್ಲಿ ಪಟ್ಟಣಗಳ ಅನೇಕ ಮಲಯ ತರುಣಿಯರು ಫ್ರಾಕು, ಸ್ಕರ್ಟುಗಳನ್ನು ತೊಟ್ಟರು. 1972ರಲ್ಲಿ ಪಿನಾಂಗ್‌ನ ಬಯಾನ್ ಲೆಪಾಸ್‌ನಲ್ಲಿ ಮುಕ್ತ ವ್ಯಾಪಾರ ವಲಯ ಆರಂಭವಾಗಿ ಎಲೆಕ್ಟ್ರಾನಿಕ್ ಕಾರ್ಖಾನೆಗಳು ತಲೆಯೆತ್ತಿದಾಗ ಹಳ್ಳಿಗಳಿಂದ ಸಾವಿರಾರು ಹುಡುಗಿಯರು ದುಡಿಮೆಗೆ ಬಂದರು. ಕೈಗೆ ಸಂಬಳ ಬಂತು, ಜೀನ್ಸ್ ಬಂತು. ಜೊತೆಗೇ ಊರವರ ಬಾಯಲ್ಲಿ ‘ಮಿನಾ ಕರಾನ್’ ಎಂಬ ಹಂಗಿಸುವ ಹೆಸರೂ ಬಂತು. ಕರಾನ್ ಎಂದರೆ ವಿದ್ಯುತ್, ನಾವೂ ಹೇಳುವ ‘ಕರೆಂಟ್’! ಮನೆಗೆ ಹಣ ಕಳಿಸುವ ಮಗಳ ದುಡಿಮೆಗಿಂತ ಅವಳ ಉಡುಪು ಹೆಚ್ಚು ಚರ್ಚೆಯಾಯಿತು. ಅದೇ ದಶಕದಲ್ಲಿ ವಿಶ್ವವಿದ್ಯಾಲಯಗಳಲ್ಲಿ ಧಾರ್ಮಿಕ ಜಾಗೃತಿಯ ಚಳವಳಿ ಬೆಳೆಯಿತು. ಸಡಿಲ ಬಾಜು ಕುರುಂಗ್, ಅದರ ಜೊತೆಗೆ ತುದುಂಗ್ ಎಂಬ ತಲೆವಸ್ತ್ರ, ಇವು ಓದಿದ ಮಲಯ ಹೆಣ್ಣಿನ ಗುರುತಾದವು. ಅದಕ್ಕೂ ಹಿಂದೆ ಹೆಂಗಸರು ತಲೆಯ ಮೇಲೆ ಸೆಲೆಂದಾಂಗ್ ಎಂಬ ಮೇಲುಹೊದಿಕೆಯನ್ನು ಸಡಿಲವಾಗಿ ಹೊದೆಯುವುದು ರೂಢಿಯಲ್ಲಿತ್ತು.

ಇದರ ಜೊತೆಗೆ ಶಾಲೆಯೂ ತನ್ನ ಪಾತ್ರ ವಹಿಸಿದೆ. ಸರ್ಕಾರಿ ಪ್ರೌಢಶಾಲೆಗಳಲ್ಲಿ ಬಿಳಿ ಬಾಜು ಕುರುಂಗ್, ತಿಳಿನೀಲಿ ಸರೋಂಗ್ ಹುಡುಗಿಯರ ಸಮವಸ್ತ್ರಗಳಲ್ಲೊಂದು. ಚೀನೀ, ತಮಿಳು ಮನೆತನಗಳ ಹುಡುಗಿಯರೂ ಇದನ್ನು ಆಯ್ದುಕೊಳ್ಳಬಹುದು. ಬೆಳೆದ ಮೇಲೆ ಅವರಲ್ಲಿ ಕೆಲವರು ಕಚೇರಿಗೂ ಇದನ್ನೇ ತೊಟ್ಟು ಹೋಗುತ್ತಾರೆ. ಹೀಗೆ ಒಂದು ಜನಾಂಗದ ಉಡುಗೆ ಮೆಲ್ಲನೆ ದೇಶದ ಉಡುಗೆಯೂ ಆಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಇಷ್ಟಪಟ್ಟು ತೊಟ್ಟ ಬಟ್ಟೆ ಬೇರೆ, ದಂಡಕ್ಕೆ ಅಂಜಿ ತೊಟ್ಟ ಬಟ್ಟೆ ಬೇರೆ. ಕೆಲಾಂತಾನ್ ರಾಜ್ಯದಲ್ಲಿ ವ್ಯಾಪಾರದ ಸ್ಥಳಗಳಲ್ಲಿ ಹೆಂಗಸರ ಉಡುಪಿನ ಬಗ್ಗೆ ಸ್ಥಳೀಯ ಆಡಳಿತದ ಕಟ್ಟುಪಾಡುಗಳಿವೆ. 2023ರಲ್ಲಿ ಕೋಟ ಭಾರುವಿನಲ್ಲಿ ತನ್ನದೇ ಅಂಗಡಿಯಲ್ಲಿ ಮೊಣಕಾಲು ಕಾಣುವ ಚಡ್ಡಿ ತೊಟ್ಟಿದ್ದ ಮುಸ್ಲಿಮೇತರ ಮಹಿಳೆಯೊಬ್ಬರಿಗೆ ದಂಡ ಹಾಕಲಾಯಿತು. ವಿವಾದವಾದ ಮೇಲೆ ಅದನ್ನು ರದ್ದುಪಡಿಸಿದರು. ಬಟ್ಟೆಗೆ ಬಂಧಿಸುವ ಶಕ್ತಿಯಿಲ್ಲ. ಹೀಗೇ ತೊಡು ಎನ್ನುವ ದಂಡಕ್ಕೆ ಆ ಶಕ್ತಿಯಿದೆ. ಅದನ್ನು ತೊಟ್ಟವಳನ್ನು ಹಳ್ಳಿಗುಗ್ಗು ಎಂದು ನಗುವ ನಾಲಿಗೆಗೂ ಇದೆ, ಜೀನ್ಸ್ ತೊಟ್ಟವಳನ್ನು ಕೆಟ್ಟವಳೆನ್ನುವ ನಾಲಿಗೆಗೂ ಇದೆ.

ಇನ್ನೊಂದು ಚಿಂತೆ ಕುಶಲಕರ್ಮಿಗಳದು. ತೆರೆಂಗಾನು, ಕೆಲಾಂತಾನ್ ರಾಜ್ಯಗಳಲ್ಲಿ ಕೈಮಗ್ಗದ ಮೇಲೆ ಜರಿಯೆಳೆ ಸೇರಿಸಿ ನೇಯುವ ಸೊಂಗ್ಕೆಟ್ ಬಟ್ಟೆಗೆ 2021ರಲ್ಲಿ ಯುನೆಸ್ಕೊ ಮನ್ನಣೆ ದೊರೆತಿದೆ. ಒಂದೊಂದು ಬಟ್ಟೆಗೆ ವಾರಗಟ್ಟಲೆ, ವಿನ್ಯಾಸ ತೊಡಕಾದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನೇಯುವವರಲ್ಲಿ ಹೆಚ್ಚಿನವರು ಹೆಂಗಸರು. ಮೇಣದಿಂದ ಚಿತ್ತಾರ ಬರೆದು, ಬಣ್ಣ ತುಂಬಿ, ಕುದಿನೀರಿನಲ್ಲಿ ಮೇಣ ತೆಗೆಯುವ ಬಟಿಕ್ ಕೆಲಸವೂ ಹೀಗೆಯೇ ನಿಧಾನದ್ದು. ಯಂತ್ರದಲ್ಲಿ ಅಚ್ಚಾದ ನಕಲು ಬಟ್ಟೆ ಇವುಗಳ ಬೆಲೆಯ ಸಣ್ಣ ಪಾಲಿಗೆ ಸಿಗುವಾಗ ಕೈಕೆಲಸ ಉಳಿಯುವುದು ಸುಲಭವಲ್ಲ. ಬೆನ್ನಿಗೆ ಜಿಪ್ ಇಟ್ಟು, ಸೊಂಟದಲ್ಲಿ ಹಿಡಿಸಿ ಹೊಲಿಯುವ ‘ಆಧುನಿಕ ಕುರುಂಗ್’ ಬಂದ ಮೇಲೆ ಪೆಸಾಕ್, ಕೆಕೆಕ್‌ಗಳನ್ನು ಕೇಳುವವರು ಕಡಿಮೆಯಾದರು. ಕೇಳುವವರಿಲ್ಲದಿದ್ದರೆ ಕಲಿಯುವವರೂ ಇರುವುದಿಲ್ಲ. ಆದರೂ ರಂಜಾನಿನ ಹಬ್ಬಕ್ಕೆ ಎಷ್ಟೋ ಮೊದಲೇ ಅಲ್ಲಿನ ದರ್ಜಿಗಳು ಹೊಸ ಹೊಲಿಗೆಯನ್ನು ಒಪ್ಪಿಕೊಳ್ಳುವುದನ್ನು ನಿಲ್ಲಿಸುತ್ತಾರೆಂದರೆ ಹೊಲಿಸಿ ತೊಡುವ ಆಸೆ ಇನ್ನೂ ಬತ್ತಿಲ್ಲವೆಂದೇ ಅರ್ಥ.

ಒಂದು ಉಡುಗೆ ಬಾಳಬೇಕಾದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದರೆ ಸಾಲದು. ಅದು ಬಸ್ಸು ಹತ್ತಬೇಕು, ಕಪ್ಪುಹಲಗೆಯ ಮೇಲೆ ಬರೆಯುವ ಕೈಗೆ ಅಡ್ಡಿಯಾಗಬಾರದು, ಒಗೆದರೆ ಬೇಗ ಒಣಗಬೇಕು, ಕೊಳ್ಳುವವರ ಕೈಗೂ ನೇಯುವವರ ಹೊಟ್ಟೆಗೂ ಒಗ್ಗಬೇಕು. ಬಾಜು ಕುರುಂಗ್ ಇವುಗಳಲ್ಲಿ ಬಹಳಷ್ಟನ್ನು ಸಾಧಿಸಿ ಉಳಿದುಕೊಂಡಿದೆ. ಉಳಿದ ಒಂದು ಮಾತೆಂದರೆ, ಇಂದು ಏನು ತೊಡಲಿ ಎಂಬ ಪ್ರಶ್ನೆಗೆ ಉತ್ತರ ಹೇಳುವ ಹಕ್ಕು ತೊಡುವವಳದಾಗಿರಬೇಕು. ಕಂಕುಳಿನ ಆ ಚೌಕ ತುಂಡು ತೋಳಿಗೆ ಕೊಟ್ಟ ಸಲಿಗೆಯನ್ನು ಸಮಾಜವೂ ಅವಳಿಗೆ ಕೊಟ್ಟರೆ ಕುರುಂಗ್ ಎಂಬ ಹೆಸರು ಬರಿಯ ಹೆಸರಾಗಿಯೇ ಉಳಿದೀತು.