ಹೊಸ್ತಿಲ ಮುಂದೆ ನಿಂತ ರೋಬೋಟು

ಕಸ ಗುಡಿಸುವ ಸಲಕರಣೆಗೆ ಕನ್ನಡದಲ್ಲಿ ಹೆಸರುಗಳ ಬರವಿಲ್ಲ. ಹಳೆ ಮೈಸೂರಿನ ಕಡೆ ಅದು ಪೊರಕೆ, ಉತ್ತರ ಕರ್ನಾಟಕದಲ್ಲಿ ಕಸಬರಿಗೆ, ಕರಾವಳಿಯಲ್ಲಿ ಹಿಡಿಸೂಡಿ. ಒಳಮನೆಗೆ ಮೆತ್ತನೆಯ ಹುಲ್ಲಿನದು, ಅಂಗಳಕ್ಕೆ ತೆಂಗಿನ ಗರಿಯ ಕಡ್ಡಿಯದು. ಅದನ್ನು ತುಳಿಯಬಾರದು, ಅದರಿಂದ ಯಾರಿಗೂ ಹೊಡೆಯಬಾರದು, ದೀಪ ಹಚ್ಚಿದ ಮೇಲೆ ಅದನ್ನು ಕೈಗೆತ್ತಿಕೊಳ್ಳಬಾರದು ಎಂಬ ಕಟ್ಟಳೆಗಳನ್ನು ಅಜ್ಜಿಯರ ಬಾಯಲ್ಲಿ ಕೇಳದೆ ಬೆಳೆದವರು ಕಡಿಮೆ. ಪೊರಕೆಯನ್ನು ಲಕ್ಷ್ಮಿಯೆಂದು ಕಂಡ ಸಮಾಜ, ಅದನ್ನು ಹಿಡಿದ ಕೈಗೂ ಅಷ್ಟೇ ಗೌರವ ಕೊಟ್ಟಿತೇ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಈಗ ಆ ಕೈಯೇ ಬೇಡ ಎನ್ನುವ ಯಂತ್ರವೊಂದು ಮನೆಗಳ ಒಳಗೆ ಬಂದಿದೆ. ಇದಕ್ಕೆ ರೋಬೋಟ್ ವ್ಯಾಕ್ಯೂಮ್ ಕ್ಲೀನರ್ ಎಂದು ಹೆಸರು. ರೋಬೋಟ್ ಎಂದೊಡನೆ ಕೈಕಾಲು, ತಲೆ ಇರುವ ಯಂತ್ರಮಾನವನನ್ನು ಕಲ್ಪಿಸಿಕೊಂಡವರಿಗೆ ಇದನ್ನು ಕಂಡರೆ ನಿರಾಸೆಯಾದೀತು. ಊಟದ ತಟ್ಟೆಯಷ್ಟು ಅಗಲದ, ಗೇಣು ಎತ್ತರವೂ ಇಲ್ಲದ ದುಂಡನೆಯ ಡಬ್ಬಿ. ಅಡಿಯಲ್ಲಿ ಎರಡು ಚಕ್ರ, ಒಂದು ಉರುಳುವ ಬ್ರಷ್, ಪಕ್ಕದಲ್ಲಿ ಮೀಸೆಯಂತೆ ತಿರುಗುವ ಇನ್ನೊಂದು ಪುಟ್ಟ ಬ್ರಷ್. ಬೆಲೆ ಹತ್ತು ಹದಿನೈದು ಸಾವಿರ ರೂಪಾಯಿಯಿಂದ ಲಕ್ಷದ ಮೇಲಕ್ಕೂ ಹೋಗುತ್ತದೆ. ಇಷ್ಟು ಹಣ ಕೊಟ್ಟು ತಂದ ಯಂತ್ರ ಕೆಲವು ಮನೆಗಳಲ್ಲಿ ದಿನವೂ ದುಡಿಯುತ್ತದೆ. ಇನ್ನು ಕೆಲವು ಮನೆಗಳಲ್ಲಿ ಆರು ತಿಂಗಳಲ್ಲಿ ಅಟ್ಟ ಸೇರುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ಯಂತ್ರದಲ್ಲಿರುವುದಕ್ಕಿಂತ ಹೆಚ್ಚಾಗಿ ಮನೆಯಲ್ಲಿದೆ ಎಂಬುದೇ ಇಲ್ಲಿ ಹೇಳಬೇಕಾದ ಮುಖ್ಯ ಮಾತು. ಅದಕ್ಕೆ ಮೊದಲು ಈ ಯಂತ್ರದ ವಂಶಾವಳಿಯನ್ನು ಸ್ವಲ್ಪ ನೋಡುವುದು ಒಳ್ಳೆಯದು.

ವ್ಯಾಕ್ಯೂಮ್ ಕ್ಲೀನರಿನ ಮೂಲಪುರುಷರಲ್ಲಿ ಒಬ್ಬ ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್. ಅವನ ಕಾಲದಲ್ಲಿ ಗಾಳಿ ಊದಿ ದೂಳು ಹಾರಿಸುವ ಯಂತ್ರಗಳಿದ್ದವು. ದೂಳನ್ನು ಊದುವ ಬದಲು ಹೀರಿಕೊಂಡರೇನು ಎಂದು ಯೋಚಿಸಿದ ಬೂತ್, ಕುರ್ಚಿಯ ಮೇಲೆ ಕರವಸ್ತ್ರವಿಟ್ಟು ಬಾಯಿಂದ ಉಸಿರೆಳೆದು ನೋಡಿದನಂತೆ. ಬಟ್ಟೆಗೆ ದೂಳು ಮೆತ್ತಿಕೊಂಡಿತು, ಅವನಿಗೆ ಉತ್ತರ ಸಿಕ್ಕಿತು. 1901ರಲ್ಲಿ ಅವನು ಪೇಟೆಂಟ್ ಪಡೆದ ಯಂತ್ರ ಎಷ್ಟು ದೊಡ್ಡದಿತ್ತೆಂದರೆ ಅದನ್ನು ಕುದುರೆಗಾಡಿಯ ಮೇಲೆ ಬೀದಿಯಲ್ಲಿ ನಿಲ್ಲಿಸಿ, ಕಿಟಕಿಗಳ ಮೂಲಕ ಉದ್ದನೆಯ ಕೊಳವೆಗಳನ್ನು ಮನೆಯೊಳಗೆ ಬಿಡಬೇಕಾಗಿತ್ತು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಗಳನ್ನು ಶುಚಿ ಮಾಡಿದ್ದು ಈ ಯಂತ್ರವೇ.

ಅರಮನೆಯ ಯಂತ್ರ ಮನೆಗೆ ಬಂದ ಕತೆ ಇನ್ನೂ ಸ್ವಾರಸ್ಯವಾಗಿದೆ. ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಊರಿನಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬಾತ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದ. ಅವನಿಗೆ ಉಬ್ಬಸ. ಗುಡಿಸಿದಾಗ ಏಳುವ ದೂಳು ಅವನ ಪ್ರಾಣ ಹಿಂಡುತ್ತಿತ್ತು. 1907ರಲ್ಲಿ ಅವನು ಒಂದು ವಿದ್ಯುತ್ ಫ್ಯಾನಿನ ಮೋಟಾರು, ಒಂದು ಪೆಟ್ಟಿಗೆ, ಒಂದು ಪೊರಕೆಯ ಹಿಡಿ ಮತ್ತು ಒಂದು ದಿಂಬಿನ ಚೀಲ ಜೋಡಿಸಿ ಕೈಯಲ್ಲಿ ತಳ್ಳಬಹುದಾದ ಯಂತ್ರ ಮಾಡಿಕೊಂಡ. ಮರುವರ್ಷ ಅದಕ್ಕೆ ಪೇಟೆಂಟೂ ಬಂತು. ಅದನ್ನು ಕೊಂಡು ಬೆಳೆಸಿದ್ದು ಚರ್ಮದ ಸಾಮಾನು ತಯಾರಿಸುತ್ತಿದ್ದ ಹೂವರ್ ಕುಟುಂಬ. ಇಂದು ಬ್ರಿಟನ್ನಿನಲ್ಲಿ ಗುಡಿಸುವುದಕ್ಕೇ ಹೂವರ್ ಎಂಬ ಕ್ರಿಯಾಪದವಿದೆ. ಗುಡಿಸುವವನೇ ಕಂಡುಹಿಡಿದ ಯಂತ್ರಕ್ಕೆ ಉಳಿದದ್ದು ಕೊಂಡವರ ಹೆಸರು. ಭಾರತದಲ್ಲಿ ಈ ಯಂತ್ರವನ್ನು ಮನೆಮಾತಾಗಿಸಿದ್ದು 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್. ಟೈ ಕಟ್ಟಿದ ಯುವಕರು ಬಾಗಿಲು ತಟ್ಟಿ, ಸೋಫಾದ ದೂಳು ಹೀರಿ ತೋರಿಸುತ್ತಿದ್ದುದನ್ನು ಇಲ್ಲಿ ಸೇರಿದವರಲ್ಲಿ ಹಲವರು ಮರೆತಿರಲಾರರು.

ಯಂತ್ರ ಬಂದ ಮೇಲೆ ಗೃಹಿಣಿಯ ಕೆಲಸ ಹಗುರವಾಯಿತೇ? ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ಕೆದಕಿದರು. ಯಂತ್ರಗಳು ಶ್ರಮವನ್ನು ತಗ್ಗಿಸಿದವು ನಿಜ, ಆದರೆ ಶುಚಿತ್ವದ ಅಳತೆಗೋಲು ಮೇಲೇರಿತು. ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಸೇರಿ ಹೊರಗೆ ಎಳೆದು ಕೊಡವುತ್ತಿದ್ದ ಕಂಬಳಿಯನ್ನು ವಾರವಾರವೂ ಒಬ್ಬಳೇ ಶುಚಿ ಮಾಡುವಂತಾಯಿತು. ಗಂಡಸರು, ಮಕ್ಕಳು, ಆಳುಗಳು ಹಂಚಿಕೊಂಡಿದ್ದ ಕೆಲಸವೆಲ್ಲ ಅವಳೊಬ್ಬಳ ಪಾಲಿಗೆ ಬಂತು. ಹೊಸ ಯಂತ್ರ ಕೊಳ್ಳುವ ಪ್ರತಿಯೊಬ್ಬರೂ ನೆನಪಿಡಬೇಕಾದ ಪಾಠ ಇದು.

ತಾನೇ ಓಡಾಡಿ ಗುಡಿಸುವ ಯಂತ್ರವನ್ನು ಮೊದಲು ಮಾರುಕಟ್ಟೆಗೆ ತಂದವರಲ್ಲಿ ಸ್ವೀಡನ್ನಿನ ಎಲೆಕ್ಟ್ರೊಲಕ್ಸ್ ಒಂದು. ಅದರ ಟ್ರೈಲೊಬೈಟ್ 2001ರಲ್ಲಿ ಬಂತು. ಜನಸಾಮಾನ್ಯರ ಕೈಗೆಟುಕುವಂತೆ ಮಾಡಿದ್ದು 2002ರಲ್ಲಿ ಬಂದ ರೂಂಬಾ. ಇದನ್ನು ತಯಾರಿಸಿದ ಐರೋಬೋಟ್ ಕಂಪೆನಿಯನ್ನು 1990ರಲ್ಲಿ ಕಟ್ಟಿದವರು ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ರಾಡ್ನಿ ಬ್ರೂಕ್ಸ್, ಕಾಲಿನ್ ಏಂಗಲ್ ಮತ್ತು ಹೆಲೆನ್ ಗ್ರೈನರ್. ಜಿರಲೆಗೆ ಮನೆಯ ನಕ್ಷೆ ಗೊತ್ತಿಲ್ಲ, ಆದರೂ ಅದು ಗೋಡೆ ಹಿಡಿದು, ಅಡ್ಡಿ ಬಂದರೆ ತಿರುಗಿ, ಎಲ್ಲ ಕಡೆ ಓಡಾಡುತ್ತದೆ. ಯಂತ್ರವೂ ಹೀಗೆಯೇ ಕೆಲವು ಸರಳ ನಿಯಮಗಳಿಂದ ಬದುಕಬಲ್ಲದು ಎಂಬುದು ಬ್ರೂಕ್ಸ್ ಅವರ ವಾದವಾಗಿತ್ತು. ಮೊದಲ ರೂಂಬಾ ಹಾಗೆಯೇ ಇತ್ತು. ಡಿಕ್ಕಿ ಹೊಡೆದರೆ ತಿರುಗುವುದು, ಸುತ್ತು ಹಾಕುವುದು, ಗೋಡೆಯ ಅಂಚು ಹಿಡಿಯುವುದು, ಅಷ್ಟೆ. ಮುಂದೆ ಲೇಸರ್ ಕಿರಣದಿಂದ, ಕ್ಯಾಮೆರಾದಿಂದ ಕೋಣೆಯನ್ನು ಅಳೆದು ನಕ್ಷೆ ಬರೆದುಕೊಳ್ಳುವ ಯಂತ್ರಗಳು ಬಂದವು.

ಇಂದು ಅಂಗಡಿಯಲ್ಲಿ ಸಿಗುವ ಯಂತ್ರಗಳಲ್ಲಿ ಆಯ್ಕೆ ಮಾಡುವವರು ಜಾಹೀರಾತಿಗಿಂತ ಮೊದಲು ತಮ್ಮ ನೆಲವನ್ನು ನೋಡಬೇಕು. ಸಾಮಾನ್ಯ ಯಂತ್ರ ಹತ್ತಬಲ್ಲದ್ದು ಸುಮಾರು ಎರಡು ಸೆಂಟಿಮೀಟರ್ ಎತ್ತರ. ನಮ್ಮ ಹಳೆಯ ಮನೆಗಳ ಹೊಸ್ತಿಲು ಅದಕ್ಕಿಂತ ಎಷ್ಟೋ ಎತ್ತರ. ಅರಿಸಿನ ಕುಂಕುಮ ಹಚ್ಚಿಸಿಕೊಂಡ ಹೊಸ್ತಿಲ ಮುಂದೆ ಈ ಯಂತ್ರ ಬಂದು ನಿಂತು, ಹಿಂದಿರುಗುತ್ತದೆ. ಪ್ರತಿ ಕೋಣೆಗೂ ಹೊಸ್ತಿಲಿರುವ ಮನೆಯಲ್ಲಿ ಅದನ್ನು ಎತ್ತಿ ಎತ್ತಿ ಇಡಬೇಕು. ಹೊಸ್ತಿಲಿಲ್ಲದ ಅಪಾರ್ಟ್‌ಮೆಂಟಿನಲ್ಲಿ ಅದು ಸರಾಗ. ಎತ್ತರ ಹತ್ತುವ ಹೊಸ ಮಾದರಿಗಳಿಗೆ ಬೆಲೆಯೂ ಎತ್ತರ.

ಎರಡನೆಯದು ನೆಲದ ಬಣ್ಣ. ಮೆಟ್ಟಿಲಿನಿಂದ ಬೀಳದಿರಲೆಂದು ಯಂತ್ರದ ಹೊಟ್ಟೆಯಡಿ ಕೆಲವು ಕಣ್ಣುಗಳಿರುತ್ತವೆ. ಅವು ಕಾಣದ ಇನ್‌ಫ್ರಾರೆಡ್ ಕಿರಣ ಬಿಟ್ಟು, ಅದು ನೆಲಕ್ಕೆ ತಾಗಿ ಮರಳುವುದನ್ನು ನೋಡುತ್ತವೆ. ಕಡಪ ಕಲ್ಲು ಅಥವಾ ಕಪ್ಪು ಗ್ರಾನೈಟ್ ಈ ಕಿರಣವನ್ನು ನುಂಗಿಬಿಟ್ಟರೆ, ಮುಂದೆ ಹಳ್ಳವಿದೆಯೆಂದು ತಿಳಿದು ಯಂತ್ರ ಹಿಂಜರಿಯುತ್ತದೆ. ಕಪ್ಪು ನೆಲವುಳ್ಳವರು ಕೊಳ್ಳುವ ಮೊದಲು ಯಂತ್ರವನ್ನು ಅಂಥ ನೆಲದ ಮೇಲೆ ಓಡಿಸಿ ನೋಡುವುದು ಲೇಸು.

ಮೂರನೆಯದು ಮಂಚ, ಬೀರು, ಸೋಫಾಗಳ ಅಡಿಯ ಅಂತರ. ಲೇಸರ್ ಯಂತ್ರಗಳ ನೆತ್ತಿಯ ಮೇಲೆ ಸಾಮಾನ್ಯವಾಗಿ ಪುಟ್ಟ ಗೋಪುರವಿರುತ್ತದೆ. ಅದೂ ಸೇರಿ ಎತ್ತರ ಹತ್ತು ಸೆಂಟಿಮೀಟರಿನ ಆಸುಪಾಸು. ಲೇಸರಿಗೆ ಕತ್ತಲೆಯಲ್ಲೂ ಕಾಣುತ್ತದೆ, ಆದರೆ ನೆಲಮಟ್ಟದ ಕನ್ನಡಿ, ಗಾಜು ಅದನ್ನು ಮರುಳು ಮಾಡುತ್ತವೆ. ಕ್ಯಾಮೆರಾ ಮಾತ್ರ ನಂಬಿದ ಯಂತ್ರಕ್ಕೆ ಬೆಳಕು ಬೇಕು. ನಕ್ಷೆಯೇ ಇಲ್ಲದ ಅಗ್ಗದ ಯಂತ್ರ ಒಂದೆರಡು ಕೋಣೆಗೆ ಸಾಕು; ದೊಡ್ಡ ಮನೆಯಲ್ಲಿ ಅದು ಗುಡಿಸಿದ್ದನ್ನೇ ಗುಡಿಸುತ್ತ ಬ್ಯಾಟರಿ ಮುಗಿಸುತ್ತದೆ.

ಹೀರುವ ಬಲವನ್ನು ಪಾಸ್ಕಲ್ ಎಂಬ ಮಾನದಲ್ಲಿ ಸಾವಿರ ಸಾವಿರ ಎಂದು ಜಾಹೀರಾತು ಮಾಡುತ್ತಾರೆ. ಇದು ಒತ್ತಡದ ಅಳತೆ. ಎಷ್ಟು ಗಾಳಿ ಹರಿಯುತ್ತದೆ, ಬ್ರಷ್ ನೆಲವನ್ನು ಎಷ್ಟು ಚೆನ್ನಾಗಿ ತಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ದಪ್ಪ ಕಂಬಳಿಯಿಲ್ಲದ ಮೊಸಾಯಿಕ್, ಟೈಲ್ಸ್ ನೆಲಕ್ಕೆ ದೊಡ್ಡ ಸಂಖ್ಯೆಯ ಬೆನ್ನು ಹತ್ತಬೇಕಿಲ್ಲ. ನೆಲ ಒರೆಸುವ ಸೌಲಭ್ಯವೂ ಹಾಗೆಯೇ. ಒದ್ದೆ ಬಟ್ಟೆ ಎಳೆದುಕೊಂಡು ಹೋಗುವ ಯಂತ್ರ ತೆಳು ದೂಳನ್ನು ಒರೆಸೀತು. ಅಡುಗೆಮನೆಯ ಒಗ್ಗರಣೆಯ ಎಣ್ಣೆ ಜಿಡ್ಡಿಗೆ ಮನುಷ್ಯರ ಮೊಣಕಾಲೇ ಊರಬೇಕು.

ಇನ್ನು ಆರೈಕೆ. ಕಸ ತೆಗೆಯುವ ಯಂತ್ರದ ಕಸವನ್ನು ತೆಗೆಯುವವರು ಬೇಕಲ್ಲ! ಕಸದ ಡಬ್ಬಿ ಅಂಗೈಯಷ್ಟಿರುವುದರಿಂದ ಪ್ರತಿ ಸಲ ಖಾಲಿ ಮಾಡಬೇಕು. ಫಿಲ್ಟರನ್ನು ವಾರಕ್ಕೊಮ್ಮೆ ಮನೆಯ ಹೊರಗೆ ಮೆಲ್ಲನೆ ತಟ್ಟಬೇಕು. ತೊಳೆಯಬಹುದು ಎಂದು ಬರೆದಿದ್ದರೆ ಮಾತ್ರ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಬೇಕು. ಹಸಿ ಫಿಲ್ಟರ್ ಬೂಷ್ಟು ಹಿಡಿಯುತ್ತದೆ, ಗಾಳಿಯ ದಾರಿ ಕಟ್ಟಿ ಮೋಟಾರಿಗೂ ಹೊರೆಯಾಗುತ್ತದೆ. ಉದ್ದ ಕೂದಲಿನವರ ಮನೆಯಲ್ಲಿ ಉರುಳುವ ಬ್ರಷ್ಷಿಗೆ ಕೂದಲು ನೂಲುಂಡೆಯಂತೆ ಸುತ್ತಿಕೊಳ್ಳುತ್ತದೆ. ವಾರಕ್ಕೊಮ್ಮೆ ಕತ್ತರಿಯಿಂದ ಬಿಡಿಸಬೇಕು, ಅದರ ಎರಡು ತುದಿಗಳನ್ನೂ ಬಿಚ್ಚಿ ನೋಡಬೇಕು. ಮುಂದಿನ ಪುಟ್ಟ ಚಕ್ರವನ್ನು ಎಳೆದು ತೆಗೆದರೆ ಅಲ್ಲಿಯೂ ಕೂದಲಿರುತ್ತದೆ. ಅಡಿಯ ಕಣ್ಣುಗಳನ್ನೂ ಚಾರ್ಜ್ ಆಗುವ ಲೋಹದ ತುಂಡುಗಳನ್ನೂ ಒಣ ಬಟ್ಟೆಯಿಂದ ಒರೆಸಬೇಕು. ಯಂತ್ರ ಕೆಟ್ಟಿತು ಎಂದು ರಿಪೇರಿಗೆ ಒಯ್ಯುವ ಮೊದಲು ಇಷ್ಟನ್ನು ಮಾಡಿ ನೋಡಿದರೆ ಎಷ್ಟೋ ಸಲ ಅದು ಮತ್ತೆ ಓಡುತ್ತದೆ.

ರಂಗೋಲಿ ಪುಡಿ, ವಿಭೂತಿ, ಸಿಮೆಂಟಿನ ದೂಳು ಇವೆಲ್ಲ ಫಿಲ್ಟರಿನ ಶತ್ರುಗಳು. ಚೆಲ್ಲಿದ ನೀರು, ಹಾಲು ಮೋಟಾರಿನ ಶತ್ರುಗಳು. ನೀರಿನ ತೊಟ್ಟಿಗೆ ಫಿನಾಯಿಲ್ ಸುರಿಯದೆ ತಯಾರಕರು ಹೇಳಿದ್ದನ್ನಷ್ಟೇ ಹಾಕಬೇಕು; ಒರೆಸುವ ಬಟ್ಟೆಯನ್ನು ಅಂದೇ ತೊಳೆದು ಒಣಗಿಸದಿದ್ದರೆ ಮರುದಿನ ಮನೆಯೆಲ್ಲ ಮುಗ್ಗಲು ವಾಸನೆ. ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುವುದು ಸಹಜ. ಆದ್ದರಿಂದ ಬ್ಯಾಟರಿ, ಫಿಲ್ಟರ್, ಬ್ರಷ್ ಬಿಡಿಯಾಗಿ ಸಿಗುತ್ತವೆಯೇ, ಊರಿನಲ್ಲೇ ದುರಸ್ತಿ ಮಾಡುವವರಿದ್ದಾರೆಯೇ ಎಂದು ಕೊಳ್ಳುವ ದಿನವೇ ವಿಚಾರಿಸಬೇಕು.

ಕಂಪೆನಿಯ ಆಯುಷ್ಯವೂ ಯಂತ್ರದ ಆಯುಷ್ಯಕ್ಕೆ ಸೇರಿದ್ದು. ಲೇಸರ್ ನಕ್ಷೆಯ ಯಂತ್ರಗಳಿಗೆ ಹೆಸರಾಗಿದ್ದ ನಿಯಾಟೊ 2023ರಲ್ಲಿ ಬಾಗಿಲು ಮುಚ್ಚಿತು. ಐರೋಬೋಟನ್ನು ಕೊಳ್ಳಲು ಅಮೆಜಾನ್ 2022ರಲ್ಲಿ ಮುಂದೆ ಬಂದು, ಯುರೋಪಿನ ನಿಯಂತ್ರಕರ ಆಕ್ಷೇಪದಿಂದ 2024ರಲ್ಲಿ ಹಿಂದೆ ಸರಿಯಿತು. 2025ರ ಡಿಸೆಂಬರಿನಲ್ಲಿ ಐರೋಬೋಟ್ ದಿವಾಳಿ ರಕ್ಷಣೆ ಕೋರಿತು. ದೂರದ ಕಂಪ್ಯೂಟರನ್ನೇ ನಂಬಿದ ಯಂತ್ರ ಕಂಪೆನಿಯೊಡನೆ ಮೂಕವಾಗಬಹುದು. ಮೊಬೈಲಿನ ಹಂಗಿಲ್ಲದೆ, ಮೇಲಿನ ಗುಂಡಿ ಒತ್ತಿದರೆ ಗುಡಿಸುವ ಯಂತ್ರವೇ ನಂಬಿಕಸ್ಥ.

ಮನೆಯ ಗುಟ್ಟಿನ ವಿಚಾರವೂ ಇದೆ. ಪ್ರಯೋಗಕ್ಕೆಂದು ಕೆಲವರ ಮನೆಗಳಲ್ಲಿ ಓಡಾಡಿದ್ದ ರೂಂಬಾ ಯಂತ್ರಗಳು 2020ರಲ್ಲಿ ತೆಗೆದ ಖಾಸಗಿ ಚಿತ್ರಗಳು ಗುತ್ತಿಗೆ ಕೆಲಸಗಾರರ ಮೂಲಕ ಸಾಮಾಜಿಕ ಜಾಲತಾಣ ಸೇರಿದ ಸಂಗತಿ 2022ರಲ್ಲಿ ಬಯಲಾಯಿತು. ಶೌಚಾಲಯದಲ್ಲಿದ್ದ ಮಹಿಳೆಯ ಚಿತ್ರವೂ ಅವುಗಳಲ್ಲಿತ್ತು. ಆ ಮನೆಯವರು ಪ್ರಯೋಗಕ್ಕೆ ಒಪ್ಪಿದ್ದವರು ಎಂದು ಕಂಪೆನಿ ಹೇಳಿತು. ಒಪ್ಪಿಗೆ ಏನೇ ಇರಲಿ, ಕ್ಯಾಮೆರಾ ಇರುವ ಯಂತ್ರವನ್ನು ಮಲಗುವ ಕೋಣೆಗೆ, ಬಚ್ಚಲಿಗೆ ಬಿಡುವ ಮೊದಲು ಎರಡು ಬಾರಿ ಯೋಚಿಸುವುದು ವಿವೇಕ.

ಅಮೆರಿಕದ ಜಾರ್ಜಿಯಾ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಜನ ತಮ್ಮ ರೂಂಬಾಗಳಿಗೆ ಹೆಸರಿಟ್ಟದ್ದು, ಅವು ಓಡಾಡಲೆಂದು ಪೀಠೋಪಕರಣಗಳನ್ನೇ ಸರಿಸಿದ್ದು ಕಂಡುಬಂತು. ಯಂತ್ರಕ್ಕಾಗಿ ದಾರಿ ಬಿಡುವುದನ್ನು ಮನೆಮಂದಿ ಬೇಗ ಕಲಿಯುತ್ತಾರೆ. ವೈರು ಎತ್ತಿಡುತ್ತಾರೆ, ಚಪ್ಪಲಿ ಬದಿಗಿಡುತ್ತಾರೆ, ಮಕ್ಕಳಿಗೆ ಆಟಿಕೆ ಎತ್ತಲು ಹೇಳುತ್ತಾರೆ. ಗುಡಿಸಲು ಬರುತ್ತಿದ್ದ ಹೆಂಗಸಿಗಾಗಿ ಇಷ್ಟು ಮಾಡಿದ ಮನೆಗಳು ಎಷ್ಟಿದ್ದವು? ಕರ್ನಾಟಕ ಸರ್ಕಾರ ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿದ್ದು 2004ರಲ್ಲಿ. ಆಗ ಅದು ದೇಶದಲ್ಲೇ ಮುಂಚೂಣಿಯ ಹೆಜ್ಜೆಯಾಗಿತ್ತು. ತಟ್ಟೆಯಂಥ ಯಂತ್ರಕ್ಕೆ ಲಕ್ಷ ಕೊಡುವವರು ಆ ವೇತನದ ಬಗ್ಗೆ ಚೌಕಾಸಿ ಮಾಡುವುದು ಇಂದಿಗೂ ಅಪರೂಪವಲ್ಲ.

ಮನೆಯೊಳಗಿನ ಲೆಕ್ಕವೂ ಬೇರೆಯಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಟ್ಟರೆ, ಹಾಗೆ ತೊಡಗಿದ ಗಂಡಸರು ಕೊಟ್ಟದ್ದು 97 ನಿಮಿಷ. ರೋಬೋಟು ಈ ಅಂತರವನ್ನು ತಾನಾಗಿ ತುಂಬಲಾರದು. ಬ್ರಷ್ಷಿನ ಕೂದಲು ಬಿಡಿಸುವುದು, ಫಿಲ್ಟರ್ ತಟ್ಟುವುದು, ಬಟ್ಟೆ ಒಗೆಯುವುದು ಇವೂ ಅವಳ ಪಾಲಿಗೇ ಬಂದರೆ ಕೋವನ್ ಹೇಳಿದ ಕತೆ ಮರುಕಳಿಸುತ್ತದೆ.

ಹಾಗಾಗಿ ಯಂತ್ರ ಕೊಳ್ಳಲು ಹೊರಟವರು ಹೊಸ್ತಿಲ ಎತ್ತರ ಅಳೆಯಲಿ, ನೆಲದ ಬಣ್ಣ ನೋಡಲಿ, ಬಿಡಿಭಾಗ ವಿಚಾರಿಸಲಿ. ಅದರೊಡನೆ ಪ್ರತಿ ಭಾನುವಾರ ಅದನ್ನು ಬೋರಲು ಹಾಕಿ ಕೂರುವವರು ಯಾರು ಎಂಬುದನ್ನೂ ಮನೆಮಂದಿಯೆಲ್ಲ ಸೇರಿ ತೀರ್ಮಾನಿಸಲಿ. ಆ ಕೆಲಸ ಮನೆಯ ಗಂಡಸಿನ ಪಾಲಿಗೋ ಮಗನ ಪಾಲಿಗೋ ಬಂದರೆ ಕೊಟ್ಟ ದುಡ್ಡು ಸಾರ್ಥಕ. ಅಂಥವರು ಯಾರೂ ಸಿಗದಿದ್ದರೆ ಒಳ್ಳೆಯ ಕಸಬರಿಗೆಯೊಂದನ್ನು ತಂದು, ಸರದಿಯ ಮೇಲೆ ಗುಡಿಸುವುದೇ ಅಗ್ಗ.